ಬಿಟ್ಟು ಹೋದವನ ಮೇಲೆ ಸಿಟ್ಟೇಕೆ?

ಚೆನ್ನಾಗಿ ಆಡುವ ಹುಡುಗ ತಂಡ ಬಿಟ್ಟು ಬೇರೆ ಕಡೆ ಹೋದರೆ ನಮ್ಮ ಬೆಳಗಾವಿಯಲ್ಲಿ ಅವನಿಗೆ ತಕ್ಷಣ ಸಿಗುವ ಬಿರುದು ‘ಗದ್ದಾರ್’. ಗೆಲ್ಲುವ ತಂಡ ಬಿಟ್ಟರೆ ‘ರೊಕ್ಕದ ಆಸೆಗೆ ಹೋದ’ ಎನ್ನುತ್ತಾರೆ. ಸೋಲುವ ತಂಡ ಬಿಟ್ಟರಂತೂ ಮುಗಿದೇ ಹೋಯಿತು, ‘ಕಷ್ಟದಾಗ ಕೈಬಿಟ್ಟ’. ಕೋಟೆ ಕೆರೆಯ ದಂಡೆಯಲ್ಲಿ ಚಹಾ ಕುಡಿಯುತ್ತ ಕುಳಿತರೆ ಇಂಥ ತೀರ್ಪು ದಿನಕ್ಕೆ ನಾಲ್ಕು ಕೇಳಬಹುದು. ಕಾಲೇಜಿನ ಬಾಸ್ಕೆಟ್‌ಬಾಲ್ ತಂಡದಲ್ಲಿ ಆಡುವ ನನಗೆ ಈ ತೀರ್ಪಿನ ಬಗ್ಗೆಯೇ ಒಂದೆರಡು ಮಾತು ಹೇಳಬೇಕಿದೆ.

ನಮ್ಮ ತಂಡದಲ್ಲಿ ಖಾನಾಪುರ ತಾಲ್ಲೂಕಿನ ಹಳ್ಳಿಯ ಒಬ್ಬ ಹುಡುಗನಿದ್ದ. ಆರಡಿ ಮೂರು ಇಂಚು ಎತ್ತರ. ಅಪ್ಪನಿಗೆ ಇಟ್ಟಿಗೆ ಭಟ್ಟಿಯಲ್ಲಿ ಕೆಲಸ. ಬೆಳಿಗ್ಗೆ ಬಸ್ಸಿಗೆ ಬಂದು, ಸಂಜೆ ಪ್ರಾಕ್ಟೀಸ್ ಮುಗಿಸಿ, ಊರಿನ ಕೊನೆಯ ಬಸ್ಸು ತಪ್ಪಿದರೆ ಖಾನಾಪುರದಿಂದ ನಡೆದೇ ಹೋಗುತ್ತಿದ್ದ. ನಾವು ಗೆದ್ದದ್ದು ಕಡಿಮೆ. ಗೆದ್ದಾಗಲೆಲ್ಲ ಅರ್ಧ ಅಂಕ ಅವನದೇ. ನಮ್ಮದು ಬಯಲಿನ ಸಿಮೆಂಟ್ ಅಂಗಣ. ಜೂನ್‌ನಲ್ಲಿ ಮಳೆ ಹಿಡಿದರೆ ಸೆಪ್ಟೆಂಬರ್‌ವರೆಗೆ ಪಾಚಿ ಕಟ್ಟಿ ಕಾಲಿಡಲಾಗುವುದಿಲ್ಲ. ಹೀಗಿರುವಾಗ ಬೆಂಗಳೂರಿನ ಒಂದು ಕಾಲೇಜು ಅವನಿಗೆ ಕ್ರೀಡಾ ಕೋಟಾದಲ್ಲಿ ಸೀಟು, ಹಾಸ್ಟೆಲ್, ಊಟ, ಶೂ ಎಲ್ಲ ಕೊಡುವುದಾಗಿ ಕರೆಯಿತು. ಅವನು ಎರಡು ವಾರ ಯೋಚಿಸಿದ, ಹೋದ. ತಂಡದಲ್ಲಿ ಕೆಲವರು ಇವತ್ತಿಗೂ ಅವನ ಫೋನ್ ಎತ್ತುವುದಿಲ್ಲ. ನಮ್ಮ ಪಿ.ಟಿ. ಸರ್ ಮಾತ್ರ, “ಹೋಗಲಿ ಬಿಡ್ರೋ, ನಾವು ಬೆಳಸೂದ ಅದಕ್ಕ ಅಲ್ಲೇನು?” ಅಂದರು. ಅಂದದ್ದು ನಗುತ್ತಲೇ. ಮರುದಿನ ಅಭ್ಯಾಸಕ್ಕೆ ಬಂದವರು ಆರೇ ಜನ. ಎದುರು ಬದುರು ಐದೈದು ಮಂದಿ ನಿಲ್ಲಿಸಿ ಆಡಿಸಲೂ ಸಾಲದು.

ಆಟಗಾರ ತಂಡ ಬಿಡುವುದು ದ್ರೋಹವೇ? ಇದಕ್ಕೆ ಉತ್ತರ ಹುಡುಕಲು ದೂರ ಹೋಗಬೇಕಾಗಿಲ್ಲ, ನಮ್ಮ ಕರುಣ್ ನಾಯರ್ ಅವರನ್ನೇ ನೋಡಿ. 2015ರಲ್ಲಿ ತಮಿಳುನಾಡು ವಿರುದ್ಧದ ರಣಜಿ ಫೈನಲ್‌ನಲ್ಲಿ ಕರ್ನಾಟಕಕ್ಕಾಗಿ 328 ರನ್ ಹೊಡೆದವರು. 2016ರಲ್ಲಿ ಚೆನ್ನೈನಲ್ಲಿ ಇಂಗ್ಲೆಂಡ್ ವಿರುದ್ಧ ಅಜೇಯ 303. ಆಮೇಲೆ ಭಾರತ ತಂಡದ ಬಾಗಿಲು ಮುಚ್ಚಿತು. ಕೊನೆಗೆ ಕರ್ನಾಟಕ ತಂಡದಲ್ಲೂ ಜಾಗ ಇಲ್ಲದಾಯಿತು. ಇನ್ನೊಂದು ಅವಕಾಶ ಕೊಡು ಎಂದು ಅವರು ಕ್ರಿಕೆಟ್ ಆಟವನ್ನೇ ಬೇಡಿಕೊಂಡು 2022ರ ಡಿಸೆಂಬರ್‌ನಲ್ಲಿ ಬರೆದ ಒಂದು ಸಾಲಿನ ಟ್ವೀಟ್ ಎಲ್ಲರಿಗೂ ನೆನಪಿರಬಹುದು. 2023ರಲ್ಲಿ ಅವರು ವಿದರ್ಭ ತಂಡ ಸೇರಿದರು.

ಮುಂದೆ ಆದದ್ದು ಸಿನಿಮಾ ಕಥೆಯಂತಿದೆ. 2024–25ರ ವಿಜಯ್ ಹಜಾರೆ ಟ್ರೋಫಿಯಲ್ಲಿ ಎರಡೇ ಸಲ ಔಟಾಗಿ 779 ರನ್ ಗಳಿಸಿದರು, ಅದರಲ್ಲಿ ಐದು ಶತಕ. ಫೈನಲ್‌ನಲ್ಲಿ ಎದುರು ನಿಂತದ್ದು ಕರ್ನಾಟಕವೇ. ಅಂದು 36 ರನ್‌ಗಳಿಂದ ಗೆದ್ದದ್ದು ನಾವು, ಶತಕ ಹೊಡೆದದ್ದು 21ರ ಹುಡುಗ ಆರ್. ಸ್ಮರಣ್. ಆದರೆ ಅದೇ ಋತುವಿನ ರಣಜಿ ಫೈನಲ್‌ನಲ್ಲಿ ಕೇರಳದ ವಿರುದ್ಧ ಕರುಣ್ 86 ಮತ್ತು 135 ಹೊಡೆದರು, ವಿದರ್ಭ ಕಪ್ ಎತ್ತಿತು. 2025ರ ಜೂನ್‌ನಲ್ಲಿ, ಎಂಟು ವರ್ಷಗಳ ನಂತರ, ಅವರು ಮತ್ತೆ ಟೆಸ್ಟ್ ಆಡಿದರು. ಆ ವರ್ಷವೇ ಕರ್ನಾಟಕ ತಂಡಕ್ಕೂ ಮರಳಿದರು. ಬಿಟ್ಟು ಹೋಗದೇ ಇದ್ದಿದ್ದರೆ ಮರಳಿ ಬರುವ ಮಾತೂ ಇರುತ್ತಿರಲಿಲ್ಲ. ರಾಬಿನ್ ಉತ್ತಪ್ಪ 2017ರಲ್ಲಿ ಸೌರಾಷ್ಟ್ರಕ್ಕೆ, ಆಮೇಲೆ ಕೇರಳಕ್ಕೆ ಹೋದರು. ಕರ್ನಾಟಕಕ್ಕೆ ಸತತ ಎರಡು ರಣಜಿ ಗೆದ್ದುಕೊಟ್ಟ ನಾಯಕ, ದಾವಣಗೆರೆಯ ವಿನಯ್ ಕುಮಾರ್ 2019ರಲ್ಲಿ ಪುದುಚೇರಿ ಸೇರಿದರು. ಇವರನ್ನು ಗದ್ದಾರ್ ಎನ್ನಲು ನನಗಂತೂ ನಾಲಿಗೆ ಹೊರಳುವುದಿಲ್ಲ.

ಆದರೆ ಇಲ್ಲೊಂದು ಸೂಕ್ಷ್ಮವಿದೆ. ಕರುಣ್ ಹೋದರೂ ಕರ್ನಾಟಕ ಕುಸಿಯಲಿಲ್ಲ. ಏಕೆಂದರೆ ಹಿಂದೆ ಸ್ಮರಣ್‌ನಂಥವರ ಸಾಲೇ ಇತ್ತು. ಹಿಂದೆ ಯಾರೂ ಇಲ್ಲದ, ಸೋತು ಸುಣ್ಣವಾದ ತಂಡವನ್ನು ಅದರ ದೊಡ್ಡ ಆಟಗಾರ ಬಿಟ್ಟರೆ ಏನಾಗುತ್ತದೆ? ಇದನ್ನು ತಿಳಿಯಲು ಅಮೆರಿಕದ ಎನ್‌ಬಿಎ ಕಡೆ ನೋಡಬೇಕು. ಬೆಳಗಾಗುವ ಮೊದಲೇ ಎದ್ದು ಮೊಬೈಲಿನಲ್ಲಿ ಆ ಪಂದ್ಯಗಳನ್ನು ನೋಡುವ ಹುಚ್ಚು ನನಗಿದೆ.

ಅಲ್ಲಿ ಒಪ್ಪಂದದಲ್ಲಿರುವ ಆಟಗಾರ ತಾನಾಗಿ ತಂಡ ಬಿಡುವಂತಿಲ್ಲ. ‘ನನ್ನನ್ನು ಬೇರೆ ತಂಡಕ್ಕೆ ಕೊಟ್ಟುಬಿಡಿ’ ಎಂದು ಕೇಳಬಹುದು ಅಷ್ಟೆ. ಅದನ್ನೂ ಬಹಿರಂಗವಾಗಿ ಕೇಳಿದರೆ ದಂಡ ಬೀಳುತ್ತದೆ. 2019ರಲ್ಲಿ ನ್ಯೂ ಆರ್ಲಿಯನ್ಸ್ ತಂಡದ ಆಂಥೋನಿ ಡೇವಿಸ್‌ಗೆ ಹೀಗೆ 50 ಸಾವಿರ ಡಾಲರ್ ದಂಡ ಬಿತ್ತು. ತಂಡ ಒಪ್ಪಿದರೆ ಮಾತ್ರ ಅದಲುಬದಲು. ಇದಕ್ಕೇ ‘ಟ್ರೇಡ್’ ಎನ್ನುತ್ತಾರೆ. ಕೊಡುವ ತಂಡ ಬದಲಿಗೆ ಬೇರೆ ಆಟಗಾರರನ್ನು ಕೇಳಿ ಪಡೆಯುತ್ತದೆ. ಜೊತೆಗೆ ‘ಡ್ರಾಫ್ಟ್’ನ ಹಕ್ಕನ್ನೂ ಪಡೆಯಬಹುದು. ಡ್ರಾಫ್ಟ್ ಎಂದರೆ ಪ್ರತಿವರ್ಷ ಹೊಸ ಹುಡುಗರನ್ನು ಸರದಿಯಂತೆ ಆರಿಸಿಕೊಳ್ಳುವ ವ್ಯವಸ್ಥೆ. ಹೆಚ್ಚು ಸೋತ ತಂಡಕ್ಕೆ ಮುಂದಿನ ಸರದಿ ಸಿಗುವ ಅವಕಾಶ ಹೆಚ್ಚು.

ಈಗ ಪಾಲ್ ಜಾರ್ಜ್ ಎಂಬ ಆಟಗಾರನ ಕಥೆ ಕೇಳಿ. ಇಂಡಿಯಾನಾ ತಂಡದ ತಾರೆ. 2017ರಲ್ಲಿ ‘ನಾನು ಇಲ್ಲಿ ಮುಂದುವರಿಯುವುದಿಲ್ಲ’ ಎಂದ. ತಂಡ ಅವನನ್ನು ಓಕ್ಲಹೋಮಾಗೆ ಕೊಟ್ಟು ಇಬ್ಬರು ಯುವಕರನ್ನು ಪಡೆಯಿತು. ಎರಡೇ ವರ್ಷಕ್ಕೆ, 2019ರಲ್ಲಿ, ಲಾಸ್ ಏಂಜಲೀಸ್‌ನ ಕ್ಲಿಪ್ಪರ್ಸ್ ಸೇರಬೇಕೆಂದು ಅವನು ಅಲ್ಲಿಂದಲೂ ಹೊರಟ. ಓಕ್ಲಹೋಮಾ ಬದಲಿಗೆ ಶೇ ಗಿಲ್ಜಸ್–ಅಲೆಕ್ಸಾಂಡರ್ ಎಂಬ, ಆಗಷ್ಟೇ ಒಂದು ವರ್ಷ ಆಡಿದ್ದ ಹುಡುಗನನ್ನೂ ಇನ್ನೊಬ್ಬ ಆಟಗಾರನನ್ನೂ ಡ್ರಾಫ್ಟ್‌ನ ಮೊದಲ ಸುತ್ತಿನ ಐದು ಆಯ್ಕೆಗಳನ್ನೂ ಕೇಳಿ ಪಡೆಯಿತು. 2020–21ರಲ್ಲಿ ಆ ತಂಡ ಆಡಿದ 72 ಪಂದ್ಯಗಳಲ್ಲಿ ಗೆದ್ದದ್ದು 22 ಮಾತ್ರ. ಸ್ಥಿತಿ ಅಷ್ಟು ಹೀನಾಯವಾಗಿತ್ತು.

ಹಾಗಿದ್ದ ತಂಡ 2025ರ ಜೂನ್‌ನಲ್ಲಿ ಎನ್‌ಬಿಎ ಚಾಂಪಿಯನ್ ಆಯಿತು! ಅಂದು ಬದಲಿಗೆ ಬಂದ ಗಿಲ್ಜಸ್–ಅಲೆಕ್ಸಾಂಡರ್ ವರ್ಷದ ಶ್ರೇಷ್ಠ ಆಟಗಾರ. ತಂಡದ ಇನ್ನೊಬ್ಬ ಹೀರೊ ಜೇಲನ್ ವಿಲಿಯಮ್ಸ್ ಬಂದದ್ದೂ ಕ್ಲಿಪ್ಪರ್ಸ್ ಕೊಟ್ಟಿದ್ದ ಒಂದು ಡ್ರಾಫ್ಟ್ ಆಯ್ಕೆಯಿಂದ. ಇನ್ನೂ ಸ್ವಾರಸ್ಯ ಏನೆಂದರೆ, ಏಳು ಪಂದ್ಯಗಳವರೆಗೆ ಎಳೆದ ಆ ಫೈನಲ್‌ನಲ್ಲಿ ಎದುರಾಳಿ ಇಂಡಿಯಾನಾ. ಪಾಲ್ ಜಾರ್ಜ್ ಬದಲಿಗೆ ಬಂದ ಸಬೋನಿಸ್‌ನನ್ನು 2022ರಲ್ಲಿ ಬೇರೆ ತಂಡಕ್ಕೆ ಕೊಟ್ಟು ಪಡೆದ ಟೈರಿಸ್ ಹ್ಯಾಲಿಬರ್ಟನ್ ಆ ತಂಡದ ಜೀವಾಳ. ಒಬ್ಬನೇ ಆಟಗಾರ ಬಿಟ್ಟು ಹೋದ ಎರಡೂ ತಂಡಗಳು ಫೈನಲ್‌ನಲ್ಲಿ ಎದುರುಬದುರು! ಆ ಹೊತ್ತಿಗೆ ಪಾಲ್ ಜಾರ್ಜ್ ಇನ್ನೂ ಒಂದೂ ಕಪ್ ಗೆದ್ದಿರಲಿಲ್ಲ.

ಉಳಿದು ಗೆದ್ದವರೂ ಇದ್ದಾರೆ ಎನ್ನಿ. 1971ರಲ್ಲಿ ಮಿಲ್ವಾಕಿಗೆ ಕಪ್ ತಂದ ಕರೀಮ್ ಅಬ್ದುಲ್–ಜಬ್ಬಾರ್ 1975ರಲ್ಲಿ ಕೇಳಿಕೊಂಡೇ ಲಾಸ್ ಏಂಜಲೀಸ್‌ನ ಲೇಕರ್ಸ್‌ಗೆ ಹೋದರು. ಅದೇ ಮಿಲ್ವಾಕಿಯಲ್ಲಿ ಉಳಿದ ಯಾನಿಸ್ ಅಂಟೆಟೊಕೂಂಪೊ 2021ರ ಫೈನಲ್‌ನ ಕೊನೆಯ ಪಂದ್ಯದಲ್ಲಿ 50 ಅಂಕ ಗಳಿಸಿ ಕಪ್ ಗೆದ್ದುಕೊಟ್ಟ. ಇಬ್ಬರನ್ನೂ ನಾನು ಮೆಚ್ಚುತ್ತೇನೆ. ಉಳಿಯುವುದು ದೊಡ್ಡ ಗುಣ, ನಿಜ. ಅದನ್ನು ಎಲ್ಲರಿಂದ ಹಕ್ಕಿನಂತೆ ಕೇಳುವಂತಿಲ್ಲ.

ಇಷ್ಟೆಲ್ಲ ನೋಡಿದ ಮೇಲೆ ನನಗೆ ಅನಿಸಿದ್ದು, ‘ಅವನು ಯಾಕೆ ಹೋದ’ ಎಂಬ ನಮ್ಮ ಪ್ರಶ್ನೆಯೇ ಸರಿಯಿಲ್ಲ ಎಂದು. ‘ಅವನು ಹೋದ ಮೇಲೆ ಬಿಟ್ಟ ತಂಡಕ್ಕೆ ಏನು ಬಂತು’ ಎಂದು ಕೇಳಬೇಕು. ಓಕ್ಲಹೋಮಾಗೆ ಒಂದು ತಂಡ ಕಟ್ಟುವಷ್ಟು ಬಂತು. ಕರ್ನಾಟಕ ಕ್ರಿಕೆಟ್ಟಿಗೆ ಹಿಂದೆ ಸಾಲಿತ್ತು. ನಮ್ಮ ಸಿಮೆಂಟ್ ಅಂಗಣಕ್ಕೆ? ಒಂದು ಚೆಂಡೂ ಬರಲಿಲ್ಲ. ನಾಲ್ಕು ವರ್ಷ ಸಂಬಳದ ಆಚೆಗೂ ದುಡಿದು, ತಮ್ಮ ಬೈಕಿನಲ್ಲಿ ಆ ಹುಡುಗನನ್ನು ಎಷ್ಟೋ ಸಂಜೆ ಬಸ್ ಸ್ಟ್ಯಾಂಡಿಗೆ ಬಿಟ್ಟು ಬಂದ ಪಿ.ಟಿ. ಸರ್ ಹೆಸರು ಬೆಂಗಳೂರಿನ ಯಾವ ಪ್ರಮಾಣಪತ್ರದಲ್ಲೂ ಇಲ್ಲ.

ನಮ್ಮ ಕಡೆಯ ಪೈಲ್ವಾನರನ್ನು ನೋಡಿ. ಹೆಚ್ಚಿನ ವರಸೆ ಕಲಿಯಲು ಕೊಲ್ಹಾಪುರದ ತಾಲೀಮಿಗೆ ಹೋಗುವುದು ಇಲ್ಲಿ ಹೊಸತೇನಲ್ಲ. ಅವರನ್ನು ಯಾರೂ ಗದ್ದಾರ್ ಎನ್ನುವುದಿಲ್ಲ. ಯಾಕೆಂದರೆ ಪೈಲ್ವಾನ ಜಾತ್ರೆಯ ಕುಸ್ತಿಗೆ ಊರಿಗೆ ಬರುತ್ತಾನೆ, ಮೊದಲ ವಸ್ತಾದರ ಕಾಲು ಮುಟ್ಟುತ್ತಾನೆ, ಹಳೆಯ ಗರಡಿಯಲ್ಲಿ ಹುಡುಗರ ಜೊತೆ ಮಣ್ಣಿಗಿಳಿಯುತ್ತಾನೆ. ಹೋಗುವ ದಾರಿಯಲ್ಲೇ ಮರಳುವ ದಾರಿಯೂ ಇದೆ.

ಫುಟ್‌ಬಾಲ್‌ನಲ್ಲಿ ಇದನ್ನೇ ನಿಯಮ ಮಾಡಿದ್ದಾರೆ. ಆಟಗಾರನೊಬ್ಬ ದೇಶದಿಂದ ದೇಶಕ್ಕೆ ಕ್ಲಬ್ ಬದಲಿಸಿದಾಗ ಕೊಡುವ ವರ್ಗಾವಣೆ ಹಣದಲ್ಲಿ ಶೇ 5ರಷ್ಟನ್ನು, ಅವನನ್ನು 12ರಿಂದ 23ರ ವಯಸ್ಸಿನವರೆಗೆ ಬೆಳೆಸಿದ ಕ್ಲಬ್‌ಗಳಿಗೆ ಹಂಚಬೇಕು ಎನ್ನುತ್ತದೆ ಫಿಫಾ. ಎಲ್ಲೋ ಒಂದು ಸಣ್ಣ ಊರಿನ ಕ್ಲಬ್ ಆ ಹಣದಿಂದ ಮೈದಾನಕ್ಕೆ ಹುಲ್ಲು ಹಾಕಿಸಿಕೊಳ್ಳಬಹುದು, ಹೊಸ ಹುಡುಗರಿಗೆ ಬೂಟು ಕೊಡಿಸಬಹುದು.

ನಮ್ಮ ಕಾಲೇಜು ಆಟಗಳಲ್ಲಿ ವರ್ಗಾವಣೆ ಹಣವೆಲ್ಲಿಂದ ಬರಬೇಕು? ಕೋಟಿ ಬೇಡ. ಬೆಳಗಾವಿಯಿಂದಲೋ ಖಾನಾಪುರದಿಂದಲೋ ಒಬ್ಬ ಆಟಗಾರನನ್ನು ಕರೆದುಕೊಳ್ಳುವ ದೊಡ್ಡ ಕಾಲೇಜು, ಅವನು ಬಿಟ್ಟು ಬಂದ ತಂಡಕ್ಕೆ ನಾಲ್ಕು ಚೆಂಡು ಕಳಿಸಲಿ. ಬೇಸಿಗೆಯಲ್ಲಿ ತನ್ನ ಕೋಚ್‌ನನ್ನು ಒಂದು ವಾರ ಇಲ್ಲಿಗೆ ಕಳಿಸಲಿ. ರಾಜ್ಯ ತಂಡಕ್ಕೆ ಆಯ್ಕೆಯಾದವರ ಪ್ರಮಾಣಪತ್ರದಲ್ಲಿ ‘ಮೊದಲ ತರಬೇತುದಾರ’ ಎಂಬ ಒಂದು ಸಾಲಿರಲಿ. ಕ್ರೀಡಾ ಕೋಟಾದಲ್ಲಿ ರೈಲ್ವೆ, ಪೊಲೀಸ್ ಇಲಾಖೆಯ ನೌಕರಿ ಹಿಡಿದವರು ರಜೆಗೆ ಬಂದಾಗ ನಾಲ್ಕು ದಿನ ಹಳೆಯ ಅಂಗಣಕ್ಕೆ ಬರಲಿ. ಇದಕ್ಕೆಲ್ಲ ಖರ್ಚು ಹೆಚ್ಚಲ್ಲ, ಮನಸ್ಸು ಬೇಕು. ನಮ್ಮ ಕಡೆಯಿಂದಲೂ ಒಂದು ಕೆಲಸವಿದೆ. ಹೋದವನ ಫೋನ್ ಎತ್ತಬೇಕು. ಬಾಗಿಲು ಹಾಕಿಕೊಂಡು ಕುಳಿತು ‘ಅವನು ಬರಲೇ ಇಲ್ಲ’ ಎಂದರೆ ಹೇಗೆ?

ಈ ವರ್ಷ ಖಾನಾಪುರದ ಕಡೆಯಿಂದ ಇನ್ನಿಬ್ಬರು ಹೊಸ ಹುಡುಗರು ನಮ್ಮ ತಂಡಕ್ಕೆ ಬಂದಿದ್ದಾರೆ. ಒಬ್ಬನಂತೂ ಎಡಗೈಯಲ್ಲಿ ಎಷ್ಟು ಚೆನ್ನಾಗಿ ಚೆಂಡು ಎಸೆಯುತ್ತಾನೆಂದರೆ, ಎರಡು ವರ್ಷದಲ್ಲಿ ಅವನಿಗೂ ಕರೆ ಬರುವುದು ಖಂಡಿತ. ಅವನು ಹೋಗಲಿ. ಅಷ್ಟರೊಳಗೆ ನಮ್ಮ ಅಂಗಣಕ್ಕೆ ಒಂದು ತಗಡಿನ ಚಾವಣಿಯಾದರೂ ಬಂದರೆ, ಅವನ ಹಿಂದೆ ಮೂರನೆಯವನು ಮಳೆಗಾಲದಲ್ಲೂ ಆಡುತ್ತಾನೆ.