ರಾತ್ರಿಯ ಅನ್ನ, ಬೆಳಗಿನ ಚಿತ್ರಾನ್ನ: ನಡುವೆ ಏನಾಗುತ್ತೆ?

ಇಲ್ಲಿ ಜರ್ಮನಿಯಲ್ಲಿ ಅಕ್ಟೋಬರ್ ಅಂದ್ರೆ ಚಳಿಗಾಲದ ಸೆಮಿಸ್ಟರ್ ಶುರುವಾಗೋ ಹೊತ್ತು. ಊರಿಂದ ಓದೋಕೆ ಬಂದ ಮಕ್ಕಳು ಮೊದಲ ಸಲ ತಮ್ಮ ಅಡುಗೆ ತಾವೇ ಮಾಡ್ಕೊಳ್ಳೋ ಕಾಲ. ನಾವೂ ಹಾಗೇ ಬಂದವರು. ಒಂದೇ ಅಡುಗೆಮನೆ, ಒಂದೇ ರೈಸ್ ಕುಕ್ಕರ್. ರಾತ್ರಿ ಅನ್ನ, ಬೇಳೆ ಸಾರು. ಮಿಕ್ಕ ಅನ್ನಕ್ಕೆ ಬೆಳಿಗ್ಗೆ ಒಗ್ಗರಣೆ ಹಾಕಿ, ನಿಂಬೆಹಣ್ಣು ಹಿಂಡಿದರೆ ಚಿತ್ರಾನ್ನ.

ಇದು ಅಗ್ಗದ ಊಟ, ಒಳ್ಳೆಯ ಊಟ ಕೂಡ. ಅಕ್ಕಿಯ ಪ್ರೋಟೀನಿನಲ್ಲಿ ಲೈಸಿನ್ ಅನ್ನೋ ಅಮೈನೋ ಆಮ್ಲ ಕಡಿಮೆ, ಬೇಳೆಯಲ್ಲಿ ಧಾರಾಳ. ಒಂದರ ಕೊರತೆಯನ್ನ ಇನ್ನೊಂದು ತುಂಬುತ್ತೆ.

ಆದರೆ ಒಂದು ದಿನ ಚಿತ್ರಾನ್ನ ತಿಂದು ಕ್ಲಾಸಿಗೆ ಹೋದ ನಮಗೆಲ್ಲ ಮಧ್ಯಾಹ್ನದೊಳಗೆ ವಾಂತಿ. ಶೇಂಗಾ ಹಳೇದಿರಬೇಕು ಅಂದ್ಕೊಂಡ್ವಿ. ಪರೀಕ್ಷೆ ಏನೂ ಮಾಡಿಸಲಿಲ್ಲ. ಈಗ ಯೋಚಿಸಿದರೆ ನಮ್ಮ ಅನುಮಾನ ಅನ್ನದ ಮೇಲೆಯೇ.

ಮಣ್ಣಿನಲ್ಲಿ ಬ್ಯಾಸಿಲಸ್ ಸೀರಿಯಸ್ ಅನ್ನೋ ಬ್ಯಾಕ್ಟೀರಿಯಾ ಇರುತ್ತೆ. ಅಲ್ಲಿಂದ ಅಕ್ಕಿಗೂ ಬರುತ್ತೆ. ಇದು ಸ್ಪೋರ್ ರೂಪದಲ್ಲಿ, ಅಂದ್ರೆ ಗಟ್ಟಿ ಕವಚದೊಳಗೆ ನಿದ್ದೆ ಮಾಡೋ ಬೀಜದ ಹಾಗೆ ಇರಬಲ್ಲದು. ಅನ್ನ ಕುದಿಯುವಾಗ ಉಳಿದ ಸೂಕ್ಷ್ಮಜೀವಿಗಳು ಬಹುಪಾಲು ಸಾಯುತ್ತವೆ, ಈ ಸ್ಪೋರ್‌ಗಳು ಉಳ್ಕೋಬಹುದು. ಆಮೇಲೆ ಅನ್ನ ಬೆಚ್ಚಗೆ, ತೇವವಾಗಿ ಒಲೆಯ ಪಕ್ಕ ಕೂತಿದ್ರೆ ಅವು ಎಚ್ಚರವಾಗಿ ಬೆಳೆಯುತ್ತವೆ. ಬೆಳೆಯುತ್ತಾ ಕೆಲವು ತಳಿಗಳು ಸೆರ್ಯುಲೈಡ್ ಅನ್ನೋ ವಿಷವನ್ನ ಅನ್ನದಲ್ಲೇ ಬಿಡುತ್ತವೆ.

ಮುಖ್ಯ ವಿಷಯ ಇಲ್ಲಿದೆ. ಬ್ಯಾಕ್ಟೀರಿಯಾ ಸತ್ತರೂ ಈ ವಿಷ ಸಾಯಲ್ಲ. ಒಗ್ಗರಣೆಯ ಬಿಸಿ, ಮೈಕ್ರೋವೇವ್, ನಿಂಬೆರಸ ಯಾವುದಕ್ಕೂ ಅದು ಬಗ್ಗಲ್ಲ. "ಚೆನ್ನಾಗಿ ಬಿಸಿ ಮಾಡಿದ್ರೆ ಆಯ್ತು" ಅನ್ನೋ ನಮ್ಮ ನಂಬಿಕೆ ಇಲ್ಲಿ ಕೈಕೊಡುತ್ತೆ. ವಾಸನೆ, ರುಚಿಯಿಂದಲೂ ಗೊತ್ತಾಗಲ್ಲ. ತಿಂದ ಅರ್ಧ ಗಂಟೆಯಿಂದ ಆರು ಗಂಟೆಯೊಳಗೆ ವಾಂತಿ ಶುರು. ಸಾಮಾನ್ಯವಾಗಿ ಒಂದು ದಿನದಲ್ಲಿ ಸರಿಹೋಗುತ್ತೆ, ಆದರೆ ಯಾವಾಗಲೂ ಅಲ್ಲ. 2008ರಲ್ಲಿ ಬ್ರಸೆಲ್ಸ್‌ನ 20 ವರ್ಷದ ವಿದ್ಯಾರ್ಥಿಯೊಬ್ಬ, ಐದು ದಿನ ಹೊರಗೇ ಇದ್ದ ಸ್ಪಗೆಟ್ಟಿಯನ್ನ ಮೈಕ್ರೋವೇವ್‌ನಲ್ಲಿ ಬಿಸಿ ಮಾಡಿ ತಿಂದು, ಮಲಗಿದಲ್ಲೇ ತೀರಿಕೊಂಡ. ತೀರಾ ಅಪರೂಪದ ಪ್ರಕರಣ ಇದು. ಆದರೆ ವಾಂತಿ ನಿಲ್ಲದಿದ್ದರೆ, ತುಂಬಾ ಸುಸ್ತಾದರೆ, ಡಾಕ್ಟರ ಹತ್ತಿರ ಹೋಗೋಕೆ ತಡ ಮಾಡಬೇಡಿ.

ಹಾಗಾದ್ರೆ ಅಜ್ಜಿ ತಂಗಳನ್ನ ತಿಂತಿದ್ರಲ್ಲ? ನಿಜ. ಆದರೆ ರಾತ್ರಿಯೇ ಅನ್ನಕ್ಕೆ ಮಜ್ಜಿಗೆ ಹಾಕಿಟ್ಟರೆ ಹುಳಿ ಬರುತ್ತೆ. ಆ ಆಮ್ಲೀಯತೆ ಈ ಬ್ಯಾಕ್ಟೀರಿಯಾದ ಬೆಳವಣಿಗೆಯನ್ನ ತಡೆಯುತ್ತೆ. ಹಾಗಂತ ರಾತ್ರಿಯಿಡೀ ಹೊರಗಿದ್ದ ಅನ್ನಕ್ಕೆ ಬೆಳಿಗ್ಗೆ ಮೊಸರು ಕಲಸಿದರೆ ಪ್ರಯೋಜನ ಇಲ್ಲ. ಅಷ್ಟರಲ್ಲಿ ವಿಷ ಆಗಿರಬಹುದು.

ಪರಿಹಾರಕ್ಕೆ ಕಾಸು ಖರ್ಚಿಲ್ಲ. ಈ ಬ್ಯಾಕ್ಟೀರಿಯಾಕ್ಕೆ ಇಷ್ಟವಾದದ್ದು ಸುಮಾರು 5ರಿಂದ 60 ಡಿಗ್ರಿ ಸೆಲ್ಸಿಯಸ್ ನಡುವಿನ ಶಾಖ. ಅನ್ನ ಅಲ್ಲಿ ಹೆಚ್ಚು ಹೊತ್ತು ಇರದಂತೆ ನೋಡ್ಕೋಬೇಕು, ಅಷ್ಟೇ. ಊಟ ಆದ ಕೂಡಲೇ ಮಿಕ್ಕ ಅನ್ನವನ್ನ ಅಗಲವಾದ ತಟ್ಟೆಯಲ್ಲಿ ಹರಡಿ. ಪಾತ್ರೆಯಲ್ಲೇ ಬಿಟ್ಟರೆ ನಡುವಿನ ಅನ್ನ ಗಂಟೆಗಟ್ಟಲೆ ಬೆಚ್ಚಗಿರುತ್ತೆ. ಆಮೇಲೆ ಸಣ್ಣ ಡಬ್ಬಿಗಳಿಗೆ ತುಂಬಿ ಒಂದು ಗಂಟೆಯೊಳಗೆ ಫ್ರಿಜ್ಜಿಗೆ ಸೇರಿಸಿ. ಮರುದಿನವೇ ಮುಗಿಸಿ. ಬ್ರಿಟನ್ನಿನ ಆಹಾರ ಸುರಕ್ಷತಾ ಸಂಸ್ಥೆಯ ಸಲಹೆಯೂ 24 ಗಂಟೆ. ವಾರಕ್ಕಾಗುವಷ್ಟು ಮಾಡಿದ್ರೆ ಒಂದೊಂದು ಊಟದ ಅಳತೆಯಲ್ಲಿ ಫ್ರೀಜರಿನಲ್ಲಿಡಿ. ತಿನ್ನೋವಾಗ ಹಬೆಯಾಡುವಷ್ಟು ಬಿಸಿ ಮಾಡಿ, ಒಂದೇ ಸಲ.

ಫ್ರಿಜ್ಜಿನ ಅನ್ನ ಉದುರುದುರಾಗಿರೋದ್ರಿಂದ ಚಿತ್ರಾನ್ನ ಇನ್ನೂ ಚೆನ್ನಾಗೇ ಆಗುತ್ತೆ. ಹೊಸದಾಗಿ ಓದೋಕೆ ಹೊರಟ ತಮ್ಮನೋ ತಂಗಿಯೋ ಇದ್ರೆ, ಅವರ ಸೂಟ್‌ಕೇಸಿಗೆ ಸಾರಿನಪುಡಿ ಜೊತೆ ಈ ಮಾತನ್ನೂ ಹಾಕಿ ಕಳಿಸಿ. ಮುಂದಿನ ಸಂಚಿಕೆಯಲ್ಲಿ ಸಿಗೋಣ.