ಗಂಗಾಮೂಲದ ಹುಡುಗಿ ರಮಾಬಾಯಿ

ಮಕ್ಕಳೇ, ಶಿರಸಿ, ಸಿದ್ದಾಪುರ, ಯಲ್ಲಾಪುರದ ಯಾವ ಹಳ್ಳಿಯಲ್ಲೇ ನೋಡಿ, ಬೆಳಗಾದರೆ ಅಡಿಕೆ ತೋಟದ ಅಂಚಿನಿಂದ, ಕಾಡಿನ ಒಳದಾರಿಯಿಂದ ಕೊಡೆ ಹಿಡಿದು, ಬ್ಯಾಗು ಹೊತ್ತು ಹುಡುಗಿಯರು ಶಾಲೆಗೆ ಹೊರಟಿರುತ್ತಾರೆ. ಇದರಲ್ಲಿ ಏನು ವಿಶೇಷ ಎನ್ನುತ್ತೀರಾ? ಪಕ್ಕದಲ್ಲಿ ಕುಳಿತಿರುವ ಅಜ್ಜಿಯನ್ನು ಕೇಳಿ. ಅಜ್ಜಿಯ ಅಜ್ಜಿ ಶಾಲೆಗೆ ಹೋಗಿದ್ದರೇ? ಹೆಚ್ಚಿನ ಮನೆಗಳಲ್ಲಿ 'ಇಲ್ಲ' ಎಂಬ ಉತ್ತರವೇ ಬಂದೀತು. ಒಲೆ ಊದುವವಳಿಗೆ ಓದು ಯಾಕೆ ಎನ್ನುವ ಕಾಲ ಅದು.

ಹೆಣ್ಣುಮಕ್ಕಳ ಓದಿಗಾಗಿ ಹೋರಾಡಿದವರು ಯಾರು ಎಂದರೆ ನಿಮಗೆ ಕೂಡಲೇ ಮಲಾಲಾ ಯೂಸುಫ್‌ಝಾಯಿ ನೆನಪಾಗಬಹುದು. ಪಾಕಿಸ್ತಾನದ ಸ್ವಾತ್ ಕಣಿವೆಯಲ್ಲಿ ತಾಲಿಬಾನಿಗಳು ಹುಡುಗಿಯರ ಶಾಲೆ ಮುಚ್ಚಿಸಲು ಹೊರಟಾಗ, 2009ರಲ್ಲಿ, 11 ವರ್ಷದ ಆ ಹುಡುಗಿ ಬೇರೆ ಹೆಸರಿನಲ್ಲಿ ಬಿಬಿಸಿ ಉರ್ದುವಿಗೆ ದಿನಚರಿ ಬರೆದಳು. 2012ರ ಅಕ್ಟೋಬರ್ 9ರಂದು ಶಾಲೆಯಿಂದ ಮರಳುವಾಗ ಅವಳ ಮೇಲೆ ಗುಂಡು ಹಾರಿಸಿದರು. ಅವಳು ಬದುಕಿದಳು, ಮತ್ತೂ ಮಾತನಾಡಿದಳು. 2014ರಲ್ಲಿ, 17ನೇ ವಯಸ್ಸಿಗೆ, ನೊಬೆಲ್ ಶಾಂತಿ ಪ್ರಶಸ್ತಿ ಪಡೆದಳು.

ಮಲಾಲಾ ಹುಟ್ಟುವುದಕ್ಕೆ 139 ವರ್ಷ ಮೊದಲು ನಮ್ಮದೇ ಸಹ್ಯಾದ್ರಿಯ ಕಾಡಿನಲ್ಲಿ ಒಬ್ಬ ಹುಡುಗಿ ಹುಟ್ಟಿದ್ದಳು. ಅವಳೂ ದೇಶ ದೇಶ ಸುತ್ತಿ ಹೆಣ್ಣುಮಕ್ಕಳ ಓದಿನ ಪರವಾಗಿ ಮಾತನಾಡಿದಳು. ಅವಳ ಹೆಸರು ರಮಾ. ಮುಂದೆ ಜಗತ್ತು ಅವರನ್ನು ಪಂಡಿತಾ ರಮಾಬಾಯಿ ಎಂದು ಕರೆಯಿತು.

ಹುಲಿ ಕೂಗುವ ಕಾಡಿನಲ್ಲಿ ಪಾಠ

ಶಿರಸಿಯಿಂದ ಘಟ್ಟದ ಸಾಲು ಹಿಡಿದು ದಕ್ಷಿಣಕ್ಕೆ ಹೋದರೆ ಕುದುರೆಮುಖದ ಹತ್ತಿರ ಗಂಗಾಮೂಲ ಸಿಗುತ್ತದೆ. ತುಂಗಾ, ಭದ್ರಾ, ನೇತ್ರಾವತಿ ನದಿಗಳು ಹುಟ್ಟುವುದು ಅಲ್ಲಿಯೇ. ಘಟ್ಟದ ಕೆಳಗೆ, ಕಾರ್ಕಳದ ಸೀಮೆಯ ಮಾಳದಲ್ಲಿ ಅನಂತ ಶಾಸ್ತ್ರಿ ಡೋಂಗ್ರೆ ಎಂಬ ವಿದ್ವಾಂಸರಿದ್ದರು. ಅವರು ಪುಣೆಯಲ್ಲಿ ಓದುತ್ತಿದ್ದಾಗ, ಅರಮನೆಯಲ್ಲಿ ಪೇಶ್ವೆಯ ಹೆಂಡತಿ ಸಂಸ್ಕೃತ ಶ್ಲೋಕ ಹೇಳುವುದನ್ನು ಕೇಳಿದ್ದರು. 'ಹೆಂಗಸರೂ ಇಷ್ಟು ಚೆನ್ನಾಗಿ ಕಲಿಯಬಲ್ಲರೇ!' ಎಂದು ಅವರಿಗೆ ಆಶ್ಚರ್ಯವಾಯಿತು. ತಾನೂ ಹೆಂಡತಿಗೆ ಕಲಿಸಬೇಕು ಎಂದುಕೊಂಡರು. ಮನೆಯವರು ಒಪ್ಪಲಿಲ್ಲ.

ಮೊದಲ ಹೆಂಡತಿ ತೀರಿಕೊಂಡ ಮೇಲೆ ಅವರು ಲಕ್ಷ್ಮೀಬಾಯಿಯನ್ನು ಮದುವೆಯಾದರು. ಆಕೆಗೆ ಆಗ ಒಂಬತ್ತೇ ವರ್ಷ; ಬಾಲ್ಯವಿವಾಹ ಆ ಕಾಲದ ಪದ್ಧತಿ. ಅನಂತ ಶಾಸ್ತ್ರಿಗಳು ಆಕೆಗೆ ಸಂಸ್ಕೃತ ಕಲಿಸತೊಡಗಿದರು. ಮತ್ತೆ ಗಲಾಟೆ ಎದ್ದಿತು. ಹೆಣ್ಣಿಗೆ ಸಂಸ್ಕೃತ ಕಲಿಸುವುದು ತಪ್ಪಲ್ಲ ಎಂದು ಉಡುಪಿಯಲ್ಲಿ ವಿದ್ವಾಂಸರ ಎದುರು ಶಾಸ್ತ್ರಗಳ ಆಧಾರ ಕೊಟ್ಟು ವಾದಿಸಬೇಕಾಯಿತು. ವಾದದಲ್ಲಿ ಗೆದ್ದರೂ ನೆಂಟರಿಷ್ಟರ ಕಿರಿಕಿರಿ ನಿಲ್ಲಲಿಲ್ಲ. ಕೊನೆಗೆ ಹೆಂಡತಿಯನ್ನು ಕರೆದುಕೊಂಡು ಗಂಗಾಮೂಲದ ಕಾಡಿಗೇ ಹೋದರು. ಮೊದಲ ರಾತ್ರಿ ತಲೆಯ ಮೇಲೆ ಸೂರಿರಲಿಲ್ಲ. ಕಣಿವೆಯ ಆಚೆ ಹುಲಿ ಕೂಗುತ್ತಿತ್ತು. ಪುಟ್ಟ ಲಕ್ಷ್ಮೀಬಾಯಿ ಕಂಬಳಿ ಸುತ್ತಿಕೊಂಡು ನಡುಗುತ್ತಿದ್ದರೆ, ಗಂಡ ಬೆಳಗಾಗುವವರೆಗೆ ಕಾವಲು ಕುಳಿತರು. ಆಮೇಲೆ ಅಲ್ಲಿ ಕಾಡು ಸವರಿ ಮನೆ ಕಟ್ಟಿದರು. ಕಲಿಯಲು ಶಿಷ್ಯರು ಬಂದರು. ಲಕ್ಷ್ಮೀಬಾಯಿಯ ಪಾಠವೂ ಮುಂದುವರಿಯಿತು.

ಆ ಮನೆಯಲ್ಲಿ 1858ರ ಏಪ್ರಿಲ್ 23ರಂದು ರಮಾ ಹುಟ್ಟಿದಳು.

ನಸುಕಿನ ಶಾಲೆ

ಬಂದವರಿಗೆಲ್ಲ ಊಟ ಹಾಕಿ, ಕೈಯಲ್ಲಿದ್ದುದನ್ನು ದಾನ ಮಾಡಿ ಶಾಸ್ತ್ರಿಗಳ ಹಣ ಕರಗಿತು. ರಮಾ ಆರು ತಿಂಗಳ ಕೂಸಾಗಿದ್ದಾಗ ಮನೆಮಂದಿಯೆಲ್ಲ ತೀರ್ಥಯಾತ್ರೆಗೆ ಹೊರಟರು. ಕೂಸನ್ನು ಬೆತ್ತದ ಪೆಟ್ಟಿಗೆಯಲ್ಲಿ ಮಲಗಿಸಿ, ಆಳೊಬ್ಬ ತಲೆಯ ಮೇಲೆ ಹೊತ್ತು ಘಟ್ಟ ಇಳಿಸಿದ. ಮುಂದೆ ಅವರ ಬದುಕೆಲ್ಲ ಊರೂರು ತಿರುಗಿ, ದೇವಸ್ಥಾನಗಳಲ್ಲಿ ಪುರಾಣ ಓದುವುದರಲ್ಲೇ ಕಳೆಯಿತು.

ಇಂಥ ಅಲೆದಾಟದಲ್ಲಿ ಶಾಲೆ ಎಲ್ಲಿಯದು? ಅಮ್ಮನೇ ಶಾಲೆ. ಹಗಲಿಡೀ ಲಕ್ಷ್ಮೀಬಾಯಿಗೆ ಕೆಲಸ. ಹಾಗಾಗಿ ಬೆಳಕು ಹರಿಯುವ ಮೊದಲೇ ಮಗಳನ್ನು ಮುದ್ದುಮಾಡಿ ಎಬ್ಬಿಸಿ, ಮಡಿಲಲ್ಲಿ ಕೂರಿಸಿಕೊಂಡು ಪಾಠ ಹೇಳುತ್ತಿದ್ದರು. ಪುಸ್ತಕವಿಲ್ಲ, ಅಮ್ಮ ಹೇಳಿದ್ದನ್ನು ಮಗಳು ಹೇಳಬೇಕು. ಗಂಡ ತನಗೆ ಕಲಿಸಿದ್ದನ್ನು ತಾಯಿ ಮಗಳಿಗೆ ದಾಟಿಸಿದಳು. ಭಾಗವತದ 18,000 ಶ್ಲೋಕಗಳು ರಮಾಬಾಯಿಗೆ ಬಾಯಿಪಾಠವಾಗಿದ್ದವು ಎನ್ನುತ್ತಾರೆ. ಅಪ್ಪ ಅವಳಿಗೆ ಚಿಕ್ಕಂದಿನಲ್ಲಿ ಮದುವೆಯನ್ನೂ ಮಾಡಲಿಲ್ಲ. ಆ ಕಾಲಕ್ಕೆ ಅದು ದೊಡ್ಡ ಧೈರ್ಯ.

1870ರ ದಶಕದಲ್ಲಿ ಬರಗಾಲ ಬಂತು. ಹಸಿವಿನಿಂದ ಬಳಲಿ ಅಪ್ಪ, ಅಮ್ಮ, ಅಕ್ಕ ಒಬ್ಬರ ಹಿಂದೆ ಒಬ್ಬರು ತೀರಿಕೊಂಡರು. ಉಳಿದವರು ರಮಾ ಮತ್ತು ಅಣ್ಣ ಶ್ರೀನಿವಾಸ. ಇಬ್ಬರೂ ಸಾವಿರಾರು ಮೈಲಿ ನಡೆದರು. ಹೊದೆಯಲು ಕಂಬಳಿಯಿಲ್ಲದ ಚಳಿಯ ರಾತ್ರಿ, ಝೇಲಂ ನದಿಯ ದಡದಲ್ಲಿ ಮರಳು ತೋಡಿ ಗುಂಡಿ ಮಾಡಿಕೊಂಡು, ಕುತ್ತಿಗೆಯವರೆಗೆ ಒಣ ಮರಳು ಎಳೆದುಕೊಂಡು ಮಲಗಿದರು.

1878ರಲ್ಲಿ ಇಬ್ಬರೂ ಕಲ್ಕತ್ತೆ ಮುಟ್ಟಿದರು. 20 ವರ್ಷದ ಹುಡುಗಿ ಸಂಸ್ಕೃತದಲ್ಲಿ ನಿರರ್ಗಳವಾಗಿ ಮಾತನಾಡುವುದನ್ನು ಕಂಡು ಅಲ್ಲಿನ ವಿದ್ವಾಂಸರು ಬೆರಗಾದರು. ಪರೀಕ್ಷೆ ಮಾಡಿ ನೋಡಿ 'ಪಂಡಿತಾ', 'ಸರಸ್ವತಿ' ಎಂಬ ಬಿರುದು ಕೊಟ್ಟರು.

ಆಯೋಗದ ಎದುರು ಒಬ್ಬಳೇ

ಸಂತೋಷ ಬಹಳ ದಿನ ಉಳಿಯಲಿಲ್ಲ. ಅಣ್ಣ ತೀರಿಕೊಂಡರು. ಬಂಗಾಳದ ವಕೀಲರೊಬ್ಬರನ್ನು ಜಾತಿಯ ಗೋಡೆ ದಾಟಿ ರಮಾಬಾಯಿ ಮದುವೆಯಾದರು. ಮಗಳು ಮನೋರಮಾ ಹುಟ್ಟಿದ ಮರುವರ್ಷವೇ, 1882ರಲ್ಲಿ, ಗಂಡ ಕಾಲರಾದಿಂದ ತೀರಿಕೊಂಡರು. 23 ವರ್ಷಕ್ಕೆ ವಿಧವೆ, ಕಂಕುಳಲ್ಲಿ ಕೂಸು.

ಆ ಕಾಲದಲ್ಲಿ ಅನೇಕ ಮನೆಗಳಲ್ಲಿ ವಿಧವೆಯ ತಲೆ ಬೋಳಿಸಿ, ಕೆಂಪು ಸೀರೆ ಉಡಿಸಿ ಮೂಲೆಗೆ ಕೂರಿಸುತ್ತಿದ್ದರು. ನಮ್ಮ ಮಲೆನಾಡಿನಲ್ಲೂ ಇದು ನಡೆದದ್ದೇ, ಹಿರಿಯರಿಗೆ ನೆನಪಿರಬಹುದು. ರಮಾಬಾಯಿ ಮೂಲೆ ಸೇರಲಿಲ್ಲ. ಪುಣೆಗೆ ಬಂದು ಹೆಂಗಸರನ್ನು ಒಟ್ಟುಗೂಡಿಸಿ 'ಆರ್ಯ ಮಹಿಳಾ ಸಮಾಜ' ಕಟ್ಟಿದರು.

ಅದೇ ವರ್ಷ ಬ್ರಿಟಿಷ್ ಸರ್ಕಾರದ ಹಂಟರ್ ಶಿಕ್ಷಣ ಆಯೋಗ ಪುಣೆಗೆ ಬಂತು. ರಮಾಬಾಯಿ ಅದರ ಮುಂದೆ ನಿಂತು ಮರಾಠಿಯಲ್ಲಿ ಸಾಕ್ಷ್ಯ ಹೇಳಿದರು. ಓದಿದ ಗಂಡಸರಲ್ಲೇ ಹೆಚ್ಚಿನವರು ಹೆಣ್ಣುಮಕ್ಕಳ ಓದಿಗೆ ವಿರೋಧಿಗಳು, ಹೆಣ್ಣಿನಲ್ಲಿ ಸಾಸಿವೆಯಷ್ಟು ತಪ್ಪು ಕಂಡರೂ ಬೆಟ್ಟ ಮಾಡುತ್ತಾರೆ ಎಂದು ನೇರವಾಗಿಯೇ ಹೇಳಿದರು. ದೂರಿ ಸುಮ್ಮನಾಗಲಿಲ್ಲ, ದಾರಿಯನ್ನೂ ತೋರಿಸಿದರು. ಶಿಕ್ಷಕಿಯರನ್ನು ತಯಾರು ಮಾಡಿ. ಹುಡುಗಿಯರ ಶಾಲೆಗೆ ಮಹಿಳೆಯರನ್ನೇ ಇನ್‌ಸ್ಪೆಕ್ಟರ್ ಮಾಡಿ. ಕಾಯಿಲೆಯನ್ನು ಗಂಡಸು ವೈದ್ಯರ ಹತ್ತಿರ ಹೇಳಿಕೊಳ್ಳಲಾರದೆ ಹೆಂಗಸರು ಸಾಯುತ್ತಿದ್ದಾರೆ, ಹೆಣ್ಣುಮಕ್ಕಳಿಗೆ ವೈದ್ಯವಿದ್ಯೆ ಕಲಿಸಿ. ಆಯೋಗದ ಅಧ್ಯಕ್ಷರಿಗೆ ಈ ಮಾತು ಎಷ್ಟು ನಾಟಿತೆಂದರೆ, ಅದನ್ನು ಇಂಗ್ಲಿಷಿಗೆ ಅನುವಾದ ಮಾಡಿಸಿ ಬೇರೆಯಾಗಿಯೇ ಅಚ್ಚು ಹಾಕಿಸಿದರು.

ಸಮುದ್ರದಾಚೆ

1883ರಲ್ಲಿ ರಮಾಬಾಯಿ ಪುಟ್ಟ ಮಗಳೊಂದಿಗೆ ಇಂಗ್ಲೆಂಡಿಗೆ ಹಡಗು ಹತ್ತಿದರು. ಅಲ್ಲಿ ಇಂಗ್ಲಿಷ್ ಕಲಿತರು, ಸಂಸ್ಕೃತ ಕಲಿಸಿದರು, ಕ್ರೈಸ್ತ ಧರ್ಮ ಸ್ವೀಕರಿಸಿದರು. 1886ರಲ್ಲಿ ಅವರ ಬಂಧು ಆನಂದಿಬಾಯಿ ಜೋಶಿ ಅಮೆರಿಕದಲ್ಲಿ ವೈದ್ಯೆಯಾದಾಗ, ಆ ಸಮಾರಂಭ ನೋಡಲು ಅಲ್ಲಿಗೆ ಹೋದರು. ಹೋದವರು ಎರಡು ವರ್ಷಕ್ಕೂ ಹೆಚ್ಚು ಕಾಲ ಊರೂರು ತಿರುಗಿ ಭಾಷಣ ಮಾಡಿದರು. 1887ರಲ್ಲಿ ಭಾರತದ ಮೇಲ್ಜಾತಿಯ ಹೆಂಗಸರ ಪಾಡನ್ನು ಇಂಗ್ಲಿಷಿನಲ್ಲಿ ಪುಸ್ತಕವಾಗಿ ಬರೆದರು. ಅದನ್ನು ಓದಿದವರು, ಭಾಷಣ ಕೇಳಿದವರು ಹಣ ಕೂಡಿಸಿಕೊಟ್ಟರು.

ಆ ನೆರವಿನಿಂದ 1889ರ ಮಾರ್ಚ್ 11ರಂದು ಮುಂಬಯಿಯಲ್ಲಿ 'ಶಾರದಾ ಸದನ' ತೆರೆಯಿತು. ಬಾಲವಿಧವೆಯರು ಅಲ್ಲಿ ಉಳಿದು ಓದಬಹುದಿತ್ತು. ಮುಂದೆ ಅದು ಪುಣೆಗೆ ಬಂತು. ಆಗ ದೊಡ್ಡ ವಿವಾದ ಎದ್ದಿತು. ರಮಾಬಾಯಿ ಹುಡುಗಿಯರ ಮತ ಬದಲಿಸುತ್ತಾರೆ ಎಂದು ಪತ್ರಿಕೆಗಳು ಬರೆದವು. ಅನೇಕ ಮನೆಯವರು ಮಕ್ಕಳನ್ನು ಬಿಡಿಸಿಕೊಂಡು ಹೋದರು. ಬೆಂಬಲಿಸಿದ್ದ ಹಿರಿಯರೂ ದೂರ ಸರಿದರು. ಅವರ ಧರ್ಮದ ದಾರಿಯ ಬಗ್ಗೆ ಆಗಲೂ ಜಗಳವಿತ್ತು, ಈಗಲೂ ಬೇರೆ ಬೇರೆ ಅಭಿಪ್ರಾಯಗಳಿವೆ. ಶಾಲೆ ಮಾತ್ರ ಮುಚ್ಚಲಿಲ್ಲ.

1896ರ ಬರಗಾಲದಲ್ಲಿ ರಮಾಬಾಯಿ ತಾವೇ ಹೋಗಿ ಹಸಿದ ನೂರಾರು ಹುಡುಗಿಯರನ್ನು ಕರೆತಂದರು. ಬರದ ಹಸಿವು ಏನೆಂದು ಅವರಿಗೆ ಗೊತ್ತಿತ್ತಲ್ಲ! ಪುಣೆಯ ಹತ್ತಿರದ ಕೇಡಗಾವಿನಲ್ಲಿ ಆ ಹುಡುಗಿಯರು ಓದು ಬರಹದ ಜೊತೆಗೆ ನೇಯ್ಗೆ ಕಲಿತರು, ಅಚ್ಚುಕೂಟ ನಡೆಸಿದರು. ಕಣ್ಣು ಕಾಣದ ಹುಡುಗಿಯರು ಬ್ರೈಲ್ ಕಲಿತರು. ಮಗಳು ಮನೋರಮಾಳ ನೆರವಿನಿಂದ ನಮ್ಮ ಕಲಬುರಗಿಯಲ್ಲೂ ಒಂದು ಶಾಲೆ ತೆರೆದರು. 1922ರ ಏಪ್ರಿಲ್ 5ರಂದು ರಮಾಬಾಯಿ ತೀರಿಕೊಂಡರು. 1989ರಲ್ಲಿ ಭಾರತ ಸರ್ಕಾರ ಅವರ ಚಿತ್ರವಿರುವ ಅಂಚೆಚೀಟಿ ಹೊರಡಿಸಿತು.

ಒಬ್ಬಳು ಕಲಿತರೆ

ಶಾರದಾ ಸದನಕ್ಕೆ ಮೊದಮೊದಲು ಸೇರಿದವರಲ್ಲಿ ಗೋದೂಬಾಯಿ ಎಂಬ ಬಾಲವಿಧವೆ ಇದ್ದರು. 1893ರಲ್ಲಿ ಧೋಂಡೋ ಕೇಶವ ಕರ್ವೆ ಅವರನ್ನು ಮದುವೆಯಾದರು. ಮುಂದೆ ಕರ್ವೆಯವರು ವಿಧವೆಯರಿಗಾಗಿ ಆಶ್ರಮ ಕಟ್ಟಿದರು, 1916ರಲ್ಲಿ ಮಹಿಳಾ ವಿಶ್ವವಿದ್ಯಾಲಯವನ್ನೇ ತೆರೆದರು. ಕಾಡಿನ ಮನೆಯಲ್ಲಿ ಒಬ್ಬರು ಹೆಂಡತಿಗೆ ಹೇಳಿಕೊಟ್ಟ ಪಾಠ ಎಲ್ಲಿಂದ ಎಲ್ಲಿಗೆ ಮುಟ್ಟಿತು ನೋಡಿ!

ಮಲಾಲಾಗೂ ಬೆನ್ನಿಗೆ ನಿಂತ ತಂದೆಯಿದ್ದರು. ಅವರೇ ಶಾಲೆ ನಡೆಸುತ್ತಿದ್ದರು. ವೇದಿಕೆಯ ಮೇಲೆ ನಿಂತು ಮಾತನಾಡುವವರ ಧೈರ್ಯ ನಮ್ಮ ಕಣ್ಣಿಗೆ ಬೀಳುತ್ತದೆ. ನಿದ್ದೆಗಣ್ಣಿನ ಮಗಳನ್ನು ನಸುಕಿನಲ್ಲಿ ಎಬ್ಬಿಸಿ ಪಾಠ ಹೇಳಿದ ಲಕ್ಷ್ಮೀಬಾಯಿಯಂಥವರ ಧೈರ್ಯ ಸುಲಭಕ್ಕೆ ಕಾಣುವುದಿಲ್ಲ. ಆದರೆ ಅದಿಲ್ಲದೆ ಇದಿಲ್ಲ.

ಅಂಥವರು ನಿಮ್ಮ ಮನೆಯಲ್ಲೂ ಇದ್ದಿರಬೇಕು. ಈ ವಾರ ಒಂದು ಕೆಲಸ ಮಾಡಿ ಮಕ್ಕಳೇ. ನಿಮ್ಮ ಮನೆತನದಲ್ಲಿ ಮೊಟ್ಟಮೊದಲು ಶಾಲೆಯ ಮೆಟ್ಟಿಲು ಹತ್ತಿದ ಹುಡುಗಿ ಯಾರು, ಬೇಡ ಎಂದವರು ಯಾರು, 'ಹೋಗಲಿ ಬಿಡಿ, ಓದಲಿ' ಎಂದವರು ಯಾರು ಎಂದು ಅಜ್ಜ ಅಜ್ಜಿಯರನ್ನು ಕೇಳಿ. ಅವರು ಹೇಳಿದ್ದನ್ನು ನೋಟ್‌ಬುಕ್ಕಿನಲ್ಲಿ ಬರೆದು, ಅವರ ಹೆಸರನ್ನು ಮೇಲೆ ದೊಡ್ಡದಾಗಿ ಬರೆಯಿರಿ. ಅಜ್ಜ ಅಜ್ಜಿಯರೇ, ಮೊಮ್ಮಕ್ಕಳು ಕೇಳಿದಾಗ 'ಅದೆಲ್ಲ ಹಳೇ ಕಥೆ' ಎಂದು ತಳ್ಳಿಹಾಕಬೇಡಿ. ನೀವು ಹೇಳದಿದ್ದರೆ ಅದನ್ನು ಹೇಳುವವರು ಬೇರೆ ಯಾರೂ ಇಲ್ಲ.