ಕೊಲ್ಲಿ ದೇಶಗಳಲ್ಲಿ ಕಟ್ಟಡ ಕೆಲಸ: ಸಂಬಳಕ್ಕಿಂತ ಮೊದಲು ಕರಾರು

‘ದುಬೈಯಲ್ಲಿ ತಿಂಗಳಿಗೆ ಐದು ಸಾವಿರ ದಿರ್ಹಮ್’ ಎಂಬ ಮಾತು ಕಿವಿಗೆ ಬಿದ್ದೊಡನೆ ಮನಸ್ಸು ಅದನ್ನು ರೂಪಾಯಿಗೆ ಗುಣಿಸತೊಡಗುತ್ತದೆ. ಅದಕ್ಕೂ ಮೊದಲು ಕೇಳಬೇಕಾದ ಪ್ರಶ್ನೆಯೊಂದಿದೆ: ಆ ಐದು ಸಾವಿರದಲ್ಲಿ ಮೂಲ ವೇತನ ಎಷ್ಟು? ಹೊರದೇಶದ ಕಟ್ಟಡ ಕೆಲಸದಲ್ಲಿ ಕೈಗೆ ಉಳಿಯುವ ಹಣವನ್ನು ತೀರ್ಮಾನಿಸುವುದು ಕರಾರಿನ ಸಾಲುಗಳು. ಅವುಗಳನ್ನು ಓದುವ ಬಗೆಯನ್ನು ಈ ಅಧ್ಯಾಯದಲ್ಲಿ ನೋಡೋಣ.

ಮೂಲ ವೇತನದ ಲೆಕ್ಕ

ಯುಎಇಯ ಕಾರ್ಮಿಕ ಕಾನೂನಿನಂತೆ, ಕೆಲಸ ಬಿಡುವಾಗ ಸಿಗುವ ಗ್ರಾಚ್ಯುಟಿ ಮೊದಲ ಐದು ವರ್ಷಗಳಿಗೆ ವರ್ಷಕ್ಕೆ 21 ದಿನಗಳ ವೇತನ, ಆ ಮೇಲಿನ ವರ್ಷಗಳಿಗೆ 30 ದಿನಗಳ ವೇತನ. ಇದನ್ನು ಲೆಕ್ಕ ಹಾಕುವುದು ಮೂಲ ವೇತನದ ಮೇಲೆ ಮಾತ್ರ. ವಸತಿ, ಪ್ರಯಾಣದ ಭತ್ಯೆಗಳು ಇದಕ್ಕೆ ಸೇರುವುದಿಲ್ಲ.

ಇಬ್ಬರು ಫೋರ್‌ಮನ್‌ಗಳಿಗೆ ಒಟ್ಟು ತಲಾ 5,000 ದಿರ್ಹಮ್ ಸಂಬಳವಿದೆ ಎಂದುಕೊಳ್ಳಿ. ಒಬ್ಬರ ಮೂಲ ವೇತನ 2,000, ಇನ್ನೊಬ್ಬರದು 3,500. ಐದು ವರ್ಷ ದುಡಿದು ಊರಿಗೆ ಮರಳುವಾಗ ಮೊದಲನೆಯವರಿಗೆ ಸಿಗುವುದು 7,000 ದಿರ್ಹಮ್, ಎರಡನೆಯವರಿಗೆ 12,250. ಓವರ್‌ಟೈಮ್‌ನಲ್ಲೂ ಇದೇ ಕಥೆ. ದಿನಕ್ಕೆ ಎಂಟು ಗಂಟೆ ಮೀರಿದ ದುಡಿಮೆಗೆ ಕನಿಷ್ಠ ಶೇ 25ರಷ್ಟು ಹೆಚ್ಚುವರಿ ಕೊಡಬೇಕು, ಅದೂ ಮೂಲ ವೇತನದ ದರದ ಮೇಲೆಯೇ.

ಕತಾರ್ 2021ರ ಮಾರ್ಚ್‌ನಿಂದ ಕನಿಷ್ಠ ವೇತನವನ್ನು ತಿಂಗಳಿಗೆ 1,000 ರಿಯಾಲ್ ಎಂದು ನಿಗದಿಪಡಿಸಿತು. ಮಾಲೀಕರು ವಸತಿ, ಊಟ ಒದಗಿಸದಿದ್ದರೆ ಕ್ರಮವಾಗಿ 500 ಮತ್ತು 300 ರಿಯಾಲ್ ಬೇರೆ ಕೊಡಬೇಕು. ಆದ್ದರಿಂದ ‘ರೂಮು, ಊಟ ನಿಮ್ಮದೇ’ ಎಂದು ಏಜೆಂಟ್ ಹೇಳಿದರೆ ಅದಕ್ಕೆ ತಕ್ಕ ಭತ್ಯೆ ಕರಾರಿನಲ್ಲಿ ಬರೆದಿದೆಯೇ ಎಂದು ನೋಡಿಕೊಳ್ಳಿ.

ಒಳ್ಳೆಯ ಸಂಬಳ ಯಾರಿಗೆ?

ಅನುಭವ ಇದ್ದರಷ್ಟೇ ಸಾಲದು, ಅದನ್ನು ತೋರಿಸುವ ಪ್ರಮಾಣಪತ್ರವೂ ಬೇಕು. ಸುರಕ್ಷತಾ ಅಧಿಕಾರಿಗೆ ನೆಬೋಶ್, ವೆಲ್ಡಿಂಗ್ ಇನ್‌ಸ್ಪೆಕ್ಟರ್‌ಗೆ ಸಿಎಸ್‌ಡಬ್ಲ್ಯುಐಪಿ, ಪ್ಲಾನಿಂಗ್ ಎಂಜಿನಿಯರ್‌ಗೆ ಪ್ರಿಮಾವೆರಾ, ವಿನ್ಯಾಸ ವಿಭಾಗದವರಿಗೆ ರೆವಿಟ್: ಉದ್ಯೋಗದಾತರು ಅರ್ಜಿಯಲ್ಲಿ ಹುಡುಕುವ ಹೆಸರುಗಳಿವು. ಪ್ಲಂಬರ್, ಎಲೆಕ್ಟ್ರಿಷಿಯನ್, ವೆಲ್ಡರ್‌ಗಳಂಥ ಕೆಲಸಗಾರರು ಸೌದಿ ಅರೇಬಿಯಾಕ್ಕೆ ಹೋಗಬೇಕಾದರೆ ಭಾರತದಲ್ಲೇ ಕೌಶಲ ಪರೀಕ್ಷೆ ಬರೆದು ತೇರ್ಗಡೆಯಾಗಬೇಕು. ಅಲ್ಲಿ ಎಂಜಿನಿಯರ್ ಆಗಿ ದುಡಿಯುವವರು ಸೌದಿ ಎಂಜಿನಿಯರುಗಳ ಮಂಡಳಿಯಲ್ಲಿ ನೋಂದಾಯಿಸಿಕೊಳ್ಳಬೇಕು.

ಎಂಜಿನಿಯರಿಂಗ್ ಓದುತ್ತಿರುವವರು ಕುವೈತ್‌ನ ಪ್ರಕರಣವನ್ನು ತಿಳಿದಿರಬೇಕು. 2018ರಲ್ಲಿ ಕುವೈತ್, ವಲಸೆ ಎಂಜಿನಿಯರುಗಳ ವಾಸದ ಪರವಾನಗಿಯನ್ನು ನವೀಕರಿಸಲು ಅಲ್ಲಿನ ಎಂಜಿನಿಯರುಗಳ ಸೊಸೈಟಿಯ ಒಪ್ಪಿಗೆ ಪತ್ರವನ್ನು ಕಡ್ಡಾಯ ಮಾಡಿತು. ಸೊಸೈಟಿ ಭಾರತದ ಪದವಿಗಳನ್ನು ಎನ್‌ಬಿಎ, ಅಂದರೆ ರಾಷ್ಟ್ರೀಯ ಮಾನ್ಯತಾ ಮಂಡಳಿಯ ಮಾನ್ಯತೆಯ ಆಧಾರದಲ್ಲಿ ಅಳೆಯಿತು. ವರ್ಷಗಟ್ಟಲೆ ಅಲ್ಲಿ ದುಡಿದಿದ್ದ ಭಾರತೀಯ ಎಂಜಿನಿಯರುಗಳು ಸಂಕಟಕ್ಕೆ ಸಿಲುಕಿದರು. ಎನ್‌ಬಿಎ ಮಾನ್ಯತೆ ಕೊಡುವುದು ಕೋರ್ಸಿಗೆ, ಇಡೀ ಕಾಲೇಜಿಗಲ್ಲ. ಒಂದೇ ಕಾಲೇಜಿನಲ್ಲಿ ಮೆಕ್ಯಾನಿಕಲ್‌ಗೆ ಮಾನ್ಯತೆ ಇದ್ದು ಸಿವಿಲ್‌ಗೆ ಇಲ್ಲದಿರಬಹುದು. ಸೀಟು ಆರಿಸುವ ದಿನವೇ ಇದನ್ನು ಪರಿಶೀಲಿಸುವುದು ಒಳ್ಳೆಯದು.

ಏಜೆಂಟ್ ಮತ್ತು ವೀಸಾ

ಭಾರತದಲ್ಲಿ ಹೊರದೇಶದ ಕೆಲಸಕ್ಕೆ ಜನರನ್ನು ಆಯುವುದು 1983ರ ವಲಸೆ ಕಾಯ್ದೆಯ ವ್ಯಾಪ್ತಿಗೆ ಬರುತ್ತದೆ. ಏಜೆಂಟರಿಗೆ ಕೇಂದ್ರ ವಿದೇಶಾಂಗ ಸಚಿವಾಲಯದ ಪರವಾನಗಿ ಇರಲೇಬೇಕು. ಪರವಾನಗಿ ಇದೆಯೇ, ಇನ್ನೂ ಚಾಲ್ತಿಯಲ್ಲಿದೆಯೇ ಎಂಬುದನ್ನು ಇ-ಮೈಗ್ರೇಟ್ ಜಾಲತಾಣದಲ್ಲಿ ಯಾರು ಬೇಕಾದರೂ ನೋಡಬಹುದು. ಪರವಾನಗಿ ಇರುವ ಏಜೆಂಟ್ ಕೆಲಸಗಾರರಿಂದ ಪಡೆಯಬಹುದಾದ ಗರಿಷ್ಠ ಸೇವಾ ಶುಲ್ಕ 30,000 ರೂಪಾಯಿ ಮತ್ತು ಅದರ ಮೇಲಿನ ಜಿಎಸ್‌ಟಿ. ಲಕ್ಷಗಟ್ಟಲೆ ಕೇಳುವವರು ಕಾನೂನು ಮೀರುತ್ತಿದ್ದಾರೆ. ಬಡ್ಡಿಗೆ ಸಾಲ ತಂದು ಅಷ್ಟು ಹಣ ಕೊಟ್ಟು ಹೋದರೆ ಮೊದಲ ವರ್ಷದ ದುಡಿಮೆಯೆಲ್ಲ ಆ ಸಾಲಕ್ಕೇ ಸಂದಾಯ.

ಹತ್ತನೇ ತರಗತಿ ಪಾಸಾಗದವರಿಗೆ ಸಾಮಾನ್ಯವಾಗಿ ಸಿಗುವುದು ಇಸಿಆರ್ ಪಾಸ್‌ಪೋರ್ಟ್. ಇದನ್ನು ಹೊಂದಿದವರು ಕೊಲ್ಲಿ ದೇಶಗಳೂ ಸೇರಿದ 18 ದೇಶಗಳಿಗೆ ಕೆಲಸಕ್ಕೆ ಹೋಗುವ ಮುನ್ನ ವಲಸೆ ಅನುಮತಿ ಪಡೆಯಬೇಕು. ಇದನ್ನು ಅಡ್ಡಿ ಎಂದು ಭಾವಿಸಿ, ತಪ್ಪಿಸಿಕೊಳ್ಳಲು ವಿಸಿಟ್ ವೀಸಾದಲ್ಲಿ ಹೋಗುವವರಿದ್ದಾರೆ. ಆದರೆ ನಿಮ್ಮ ಕರಾರು ಸರ್ಕಾರಿ ದಾಖಲೆಗೆ ಸೇರುವುದೇ ಈ ಅನುಮತಿಯ ಮೂಲಕ. ಜೊತೆಗೆ ಪ್ರವಾಸಿ ಭಾರತೀಯ ಬಿಮಾ ಯೋಜನೆಯಲ್ಲಿ 10 ಲಕ್ಷ ರೂಪಾಯಿಯ ಅಪಘಾತ ವಿಮೆಯೂ ಸಿಗುತ್ತದೆ. ಎರಡು ವರ್ಷಕ್ಕೆ ಅದರ ಕಂತು 275 ರೂಪಾಯಿ, ಮೇಲೆ ತೆರಿಗೆ. ವಿಸಿಟ್ ವೀಸಾದಲ್ಲಿ ದುಡಿದರೆ ಸಂಬಳ ಬಾಕಿಯಾದಾಗ ಕೇಳಲು ಕರಾರೇ ಇರುವುದಿಲ್ಲ.

‘ಫ್ರೀ ವೀಸಾ’ ಎಂಬ ಆಮಿಷವೂ ಅಷ್ಟೇ ಅಪಾಯಕಾರಿ. ಕಾಗದದಲ್ಲಿ ಒಬ್ಬರು ಮಾಲೀಕರು, ದುಡಿಯುವುದು ಇನ್ನೊಬ್ಬರ ಸೈಟ್‌ನಲ್ಲಿ. ಅಂಥ ದುಡಿಮೆ ಕಾನೂನುಬಾಹಿರ. ಸಿಕ್ಕಿಬಿದ್ದರೆ ದಂಡ ಕಟ್ಟಿ ಗಡೀಪಾರಾಗಬೇಕಾಗುತ್ತದೆ.

ಸೈಟ್ ಮತ್ತು ಕ್ಯಾಂಪ್

ಯುಎಇಯಲ್ಲಿ ಜೂನ್ 15ರಿಂದ ಸೆಪ್ಟೆಂಬರ್ 15ರವರೆಗೆ ಮಧ್ಯಾಹ್ನ 12.30ರಿಂದ 3ರವರೆಗೆ ಬಿಸಿಲಿನಲ್ಲಿ ಕೆಲಸ ಮಾಡಿಸುವಂತಿಲ್ಲ. ಪಾಸ್‌ಪೋರ್ಟನ್ನು ಮಾಲೀಕರು ಇಟ್ಟುಕೊಳ್ಳುವುದಕ್ಕೂ ಅಲ್ಲಿ ನಿಷೇಧವಿದೆ. ಅಲ್ಲಿ 2009ರಿಂದ ವೇತನ ಸಂರಕ್ಷಣಾ ವ್ಯವಸ್ಥೆ ಜಾರಿಯಲ್ಲಿದೆ. ಸಂಬಳ ಅದರ ಮೂಲಕ ಬಂದರೆ ದಾಖಲೆ ಉಳಿಯುತ್ತದೆ. ಕೈಯಲ್ಲಿ ನಗದು ಕೊಡುವುದು ರೂಢಿಯಾದರೆ ದೂರು ಕೊಡಲು ಪುರಾವೆ ಇರುವುದಿಲ್ಲ.

ವಸತಿಯ ಬಗ್ಗೆ ಕೇಳಲು ಸಂಕೋಚ ಬೇಡ. 2024ರ ಜೂನ್ 12ರಂದು ಕುವೈತ್‌ನ ಮಂಗಫ್‌ನಲ್ಲಿ ಕಾರ್ಮಿಕರ ವಸತಿ ಕಟ್ಟಡಕ್ಕೆ ಬೆಂಕಿ ಬಿದ್ದು 45 ಭಾರತೀಯರು ಪ್ರಾಣ ಕಳೆದುಕೊಂಡರು. ಒಂದು ಕೋಣೆಯಲ್ಲಿ ಎಷ್ಟು ಮಂದಿ, ಹೊರಹೋಗಲು ಎಷ್ಟು ದಾರಿ ಎಂಬ ಪ್ರಶ್ನೆಗಳು ಸಂಬಳದ ಪ್ರಶ್ನೆಯಷ್ಟೇ ಮುಖ್ಯ.

ಕರಾರನ್ನು ಕನ್ನಡದಲ್ಲಿ ಕೇಳಿಸಿಕೊಳ್ಳಿ

ಯುಎಇಯಲ್ಲಿ 2016ರಲ್ಲಿ ಜಾರಿಯಾದ ನಿಯಮದಂತೆ, ಕೆಲಸಗಾರರು ಊರು ಬಿಡುವ ಮೊದಲೇ ಸರ್ಕಾರಿ ಮಾದರಿಯ ಆಫರ್ ಲೆಟರ್‌ಗೆ ಸಹಿ ಹಾಕಬೇಕು. ಅಲ್ಲಿಗೆ ಹೋದ ಮೇಲೆ ಆಗುವ ಕರಾರು ಅದಕ್ಕೆ ಹೊಂದಬೇಕು. ಈ ಪತ್ರವನ್ನು ಅರಬ್ಬಿ, ಇಂಗ್ಲಿಷಿನ ಜೊತೆಗೆ ಹಿಂದಿ, ಮಲಯಾಳಂ, ತಮಿಳು ಮುಂತಾದ ಭಾಷೆಗಳಲ್ಲೂ ಕೊಡುವ ಏರ್ಪಾಡಾಯಿತು. ಆ ಪಟ್ಟಿಯಲ್ಲಿ ಕನ್ನಡಕ್ಕೆ ಜಾಗ ಸಿಗಲಿಲ್ಲ. ಹಾಗಾಗಿ ನಮ್ಮವರು ಇನ್ನಷ್ಟು ಎಚ್ಚರ ವಹಿಸಬೇಕು. ಇಂಗ್ಲಿಷ್ ಬಲ್ಲ, ಏಜೆಂಟರಿಗೆ ಸಂಬಂಧವಿಲ್ಲದ ಒಬ್ಬರಿಂದ ಪ್ರತಿ ಸಾಲನ್ನೂ ಕನ್ನಡದಲ್ಲಿ ಹೇಳಿಸಿಕೊಳ್ಳಿ. ಮೂಲ ವೇತನ, ದುಡಿಮೆಯ ಗಂಟೆ, ವಸತಿ, ರಜೆ, ಮರಳುವ ಟಿಕೆಟ್, ಇವೆಲ್ಲ ಅರ್ಥವಾದ ಮೇಲೆಯೇ ಸಹಿ ಹಾಕಿ. ಒಂದು ಪ್ರತಿಯನ್ನು ಮನೆಯವರ ಕೈಗೆ ಕೊಟ್ಟು ಹೋಗಿ. ನಾಳೆ ತೊಂದರೆಯಾದರೆ ವಿದೇಶಾಂಗ ಸಚಿವಾಲಯದ ‘ಮದದ್’ ಜಾಲತಾಣದಲ್ಲಿ ಊರಿನಿಂದಲೇ ದೂರು ದಾಖಲಿಸಲು ಅವರಿಗೆ ಆ ಕಾಗದ ಬೇಕಾಗುತ್ತದೆ.